ರೀಫಿಲ್ ರಾಯರ ಮುಖಮುದ್ರೆ

ಎಲ್ಲದಕ್ಕೂ ಕಾರಣ ಮೂರು ತೂತುಗಳು. ಸೂಜಿ ಮೊನೆಯಷ್ಟು ಸಣ್ಣವು, ನೋಡಿದರೆ ಪಾಪ ಅನ್ನಿಸುವಂಥವು. ರೀಫಿಲ್ ರಾಯರ ಮನೆಯ ಪ್ರಿಂಟರಿನಲ್ಲಿ, ಬಣ್ಣದ ಕಾರ್ಟ್ರಿಜ್ಜಿನ ನೆತ್ತಿಯ ಮೇಲೆ, ಸ್ಟಿಕ್ಕರಿನ ಅಡಿಯಲ್ಲಿ ಸದ್ದಿಲ್ಲದೆ ಕೂತಿದ್ದವು. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ ಹೋಗಬೇಕು. ಯಾವುದಕ್ಕೆ ಯಾವುದು ಅಂತ ತಯಾರಿಸಿದವರು ಎಲ್ಲೂ ಬರೆದಿರಲಿಲ್ಲ. ಅವರ ಲೆಕ್ಕದಲ್ಲಿ ಇಂಕು ಮುಗಿದ ಕಾರ್ಟ್ರಿಜ್ಜು ಸತ್ತ ಹಾಗೆ, ಎಸೆದು ಹೊಸದು ತರಬೇಕು. ರಾಯರ ಲೆಕ್ಕದಲ್ಲಿ ಅದು ಬರೀ ಹಸಿದಿರುವ ಹಾಗೆ.

ರಾಯರು ಬೀಗ ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ಖಾಲಿಯಾದ ವಸ್ತುವನ್ನು ಅವರು ಎಸೆದದ್ದನ್ನು ಕಂಡವರಿಲ್ಲ. ಬಾಲ್‌ಪೆನ್ನಿಗೆ ಹೊಸ ಕಡ್ಡಿ, ಲೈಟರಿಗೆ ಹೊಸ ಗ್ಯಾಸು, ದಿಂಬಿಗೆ ಹಳೇ ಬನೀನು. ಶಾಂಪೂ ಬಾಟಲಿಗಂತೂ ನೀರು ತುಂಬಿಸಿ ತುಂಬಿಸಿ, ಅವರ ಹೆಂಡತಿ ಈಚೆಗೆ ಬರೀ ನೀರಲ್ಲಿ ತಲೆ ತೊಳೆದುಕೊಂಡು ಶಾಂಪೂವನ್ನು ನೆನಪಿಸಿಕೊಳ್ಳುತ್ತಿದ್ದರು. ಹೀಗಾಗಿ ಕ್ಯಾಂಟೀನಿನಲ್ಲಿ ಯಾರೋ ಇಟ್ಟ ಅಡ್ಡಹೆಸರು ಗಟ್ಟಿಯಾಗಿ ಅಂಟಿಕೊಂಡು, ಅಸಲಿ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು.

ಆ ಕಾರ್ಖಾನೆಗೆ ಹೋದ ತಿಂಗಳು ಕಳ್ಳರು ನುಗ್ಗಿದ್ದರು. ಬೀಗದ ಕಾರ್ಖಾನೆಯ ಬೀಗವನ್ನೇ ಒಡೆದ ಮೇಲೆ ಧಣಿಗಳು ಸುಮ್ಮನಿರುತ್ತಾರೆಯೇ? ಕೆಂಡಾಮಂಡಲವಾದರು. ಇನ್ನು ಮೇಲೆ ಫೋಟೋ ಇರುವ ಕಾರ್ಡಿಲ್ಲದೆ ನೊಣ ಕೂಡ ಗೇಟು ದಾಟಕೂಡದು ಅಂತ ಆಜ್ಞೆಯಾಯಿತು. ಕಾರ್ಡು ಮಾಡಿಕೊಡುವ, ನೊಣ ತಡೆಯುವ ಎರಡೂ ಹೊಣೆ ಸೆಕ್ಯುರಿಟಿ ಮುಖ್ಯಸ್ಥರ ಹೆಗಲಿಗೆ ಬಿತ್ತು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಮೀಸೆ ಅಂತ. ತಿರುವಿನಲ್ಲಿ ಮೊದಲು ಅದು ಬಂದು, ಆಮೇಲೆ ಅವರು ಬರುತ್ತಿದ್ದರು.

ಮೀಸೆಗೆ ಒಂದೇ ಮಂತ್ರ. "ಫೋಟೋ ಮುಖದ ಹಾಗಿರಬೇಕು, ಮುಖ ಫೋಟೋದ ಹಾಗಿರಬೇಕು. ಒಂದು ಕೂದಲು ಹೆಚ್ಚುಕಮ್ಮಿ ಆದ್ರೂ ಗೇಟು ತೆಗ್ಯಲ್ಲ." ಕ್ಯಾಷಿಯರು ಹೊಸ ಕನ್ನಡಕ ಹಾಕಿಕೊಂಡು ಬಂದ ದಿನ ವಾಪಸು ಕಳಿಸಿ ಹಳೆಯದನ್ನು ತರಿಸಿದ ಮನುಷ್ಯ ಅವರು. ರಾಯರು ದುಡ್ಡು ಉಳಿಯಲಿ ಅಂತ ಹಳೇ ಫೋಟೋ ಕೊಟ್ಟಾಗ, ಅದರಲ್ಲಿದ್ದ ಗುಂಗುರು ಕೂದಲನ್ನೂ ರಾಯರ ಬೋಳು ನೆತ್ತಿಯನ್ನೂ ಸಾವಧಾನವಾಗಿ ನೋಡಿ, ಕೂದಲು ತಂದರೆ ಕಾರ್ಡು ಕೊಡುತ್ತೇನೆ ಅಂದಿದ್ದರು.

ಈಗ ಹೊಸ ಫೋಟೋ ಕೊಡಲು ಕೊನೆಯ ದಿನ ಬಂದಿತ್ತು. ಅವತ್ತು ವಾರದ ರಜೆಯಾದರೂ ಗೇಟಿನ ಕೌಂಟರು ಸಂಜೆಯವರೆಗೆ ತೆರೆದಿತ್ತು. ಮಾರನೆಯ ಬೆಳಿಗ್ಗೆ ಮುಖ್ಯ ಸ್ಟೋರ್ ಕೀಪರ್ ಹುದ್ದೆಗೆ ಸಂದರ್ಶನ. ರಾಯರು ಆ ಕುರ್ಚಿಯ ಮೇಲೆ ಕಣ್ಣಿಟ್ಟು ಕಣ್ಣೇ ನೋಯುವಷ್ಟು ಕಾಲವಾಗಿತ್ತು. ಕಾರ್ಡಿಲ್ಲದಿದ್ದರೆ ಗೇಟಿಲ್ಲ, ಗೇಟಿಲ್ಲದಿದ್ದರೆ ಸಂದರ್ಶನವಿಲ್ಲ, ಸಂದರ್ಶನವಿಲ್ಲದಿದ್ದರೆ ಕುರ್ಚಿ ಸ್ಟೋರಿನ ಇನ್ನೊಬ್ಬ ಗುಮಾಸ್ತನ ಪಾಲು. ರಜೆಯ ದಿನ ಬೀದಿಯ ಸ್ಟುಡಿಯೋ ಮುಚ್ಚಿರುತ್ತದೆ. ತೆರೆದಿದ್ದರೂ ರಾಯರು ಹೋಗುವ ಹಾಗಿರಲಿಲ್ಲ. ಫೋಟೋಗೆ ಸ್ಟುಡಿಯೋಗೆ ಹೋಗುವವರು ಬಾಯಾರಿದರೆ ಕೆರೆ ಕೊಳ್ಳುವ ಜನ ಅಂತ ಕ್ಯಾಂಟೀನಿನಲ್ಲಿ ಭಾಷಣ ಮಾಡಿಬಿಟ್ಟಿದ್ದರು.

ಮನೆಯಲ್ಲೂ ಒಂದು ಗಡುವು ಇತ್ತು. "ಇವತ್ತು ಆ ಪೆಟ್ಟಿಗೆ ನೆಟ್ಟಗೆ ಒಂದು ಫೋಟೋ ಕೊಡ್ಲಿಲ್ವೋ, ನಾಳೆ ನಾನು ಅದನ್ನ ಗುಜರಿಯವ್ನಿಗೆ ಕೊಡ್ತೀನಿ," ಅಂದಿದ್ದರು ಹೆಂಡತಿ. "ಅದರ ಜೊತೆ ನೀವೂ ಕೂತ್ಕೊಂಡ್ರೆ ಜಾಗ ಇನ್ನೂ ಖಾಲಿಯಾಗತ್ತೆ."

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ರಾಯರು ಸಿರಿಂಜಿನಲ್ಲಿ ಮೂರೂ ಬಣ್ಣ ತುಂಬಿಸಿ, ಇಂಕು ಒಣಗದಿರಲಿ ಅಂತ ಪಕ್ಕದ ಕಿಂಡಿಗಳಿಗೆಲ್ಲ ಟೇಪು ಅಂಟಿಸಿದರು. ಗೋಡೆಗೆ ಬಿಳಿ ಬೆಡ್‌ಶೀಟು ತೂಗುಹಾಕಿ, ಕನ್ನಡಕ ತೆಗೆದಿಟ್ಟು, ಫೋನಿನಲ್ಲಿ ಹೆಂಡತಿಯಿಂದ ಫೋಟೋ ತೆಗೆಸಿಕೊಂಡರು. ಹೊಳೆಯುವ ಫೋಟೋ ಕಾಗದ ಇಟ್ಟು ಗುಂಡಿ ಒತ್ತಿದರು. ಪ್ರಿಂಟರು ಗರ್ರ್ ಅಂತು, ಕಿರ್ರ್ ಅಂತು, ನಿದ್ದೆಗಣ್ಣಿನ ಗುಮಾಸ್ತನ ಹಾಗೆ ಸ್ವಲ್ಪ ಹೊತ್ತು ಯೋಚಿಸಿ, ರಾಯರ ಮುಖವನ್ನು ಗೆರೆ ಗೆರೆಯಾಗಿ ಹೊರಗೆ ಬಿಡತೊಡಗಿತು.

ಮೊದಲು ಬಂದದ್ದು ಹಣೆ. ಬೇಯಿಸಿದ ಬೀಟ್‌ರೂಟಿನ ಬಣ್ಣ. ಕಣ್ಣಿನ ಹತ್ತಿರ ಇಂಕು ಯಾಕೋ ಮುನಿಸಿಕೊಂಡು, ಕಿವಿಯಿಂದ ಕಿವಿಗೆ ಪಟ್ಟಿ ಕಟ್ಟಿದ ಹಾಗೆ ಬೆಳ್ಳನೆಯ ಗೆರೆ ಬಿಟ್ಟಿತು. ಆ ಬಿಳುಪಿನಲ್ಲಿ ಕಣ್ಣುಗಳು ಎರಡು ಚುಕ್ಕೆಯಷ್ಟೇ. ಮೂಗು ದಾಟುವಷ್ಟರಲ್ಲಿ ಕೆಂಪು ಪೂರ್ತಿ ಕೈಕೊಟ್ಟು, ಕೆನ್ನೆ, ತುಟಿ, ಗದ್ದ ಎಲ್ಲ ಹಸಿರುನೀಲಿಯಾಗಿ, ಫ್ರಿಜ್ಜಿನಲ್ಲಿ ಮರೆತ ಬ್ರೆಡ್ಡಿನಂತೆ ಹೊರಬಂದವು.

ಹೆಂಡತಿ ಬಂದು ನೋಡಿದರು. "ಯಾರ್ರೀ ಇದು?"

"ನಾನೇ."

"ಯಾವಾಗಿಂದ?"

ರಾಯರು ಫೋಟೋವನ್ನು ತಿರುಗಿಸಿ ನೋಡಿದರು. ಫೋಟೋದ ಹಿಂಬದಿ ಖಾಲಿಯಿದೆ, ಏನಾದರೂ ಬರೆದುಕೊಳ್ಳಲು ಆದೀತು ಅಂತ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕಂಪ್ಯೂಟರಿನಲ್ಲಿ ಹೆಡ್ ಕ್ಲೀನಿಂಗ್ ಅನ್ನುವ ಗುಂಡಿ ಒತ್ತಿದರು. ಹೆಡ್ ಕ್ಲೀನಿಂಗ್ ಅಂದರೆ ಪ್ರಿಂಟರು ತನ್ನ ತಲೆ ತೊಳೆದುಕೊಳ್ಳುವ ಶಾಸ್ತ್ರ. ತೊಳೆಯುವುದು ಇಂಕಿನಲ್ಲೇ. ಹನಿ ಹನಿ ಉಳಿಸಿದ ಇಂಕನ್ನು ಅದು ಗಟಗಟ ಕುಡಿಯಿತು. ತೊಳೆದು ಮುಗಿದ ಮೇಲೆ ಪರೀಕ್ಷೆಯ ಗೆರೆಗಳನ್ನು ಅಚ್ಚು ಹಾಕಿಸಿ ನೋಡಿದರೆ, ಅಲ್ಲೂ ಹಲ್ಲುದುರಿದ ಬಾಚಣಿಗೆಯಂತೆ ನಡುನಡುವೆ ಖಾಲಿ.

ಈ ಗರ್ರ್ ಕಿರ್ರ್ ಕೇಳಿ ಮೇಲ್ಮನೆಯ ನರ್ಸಕ್ಕ ಇಳಿದು ಬಂದರು. ಆಸ್ಪತ್ರೆಯಲ್ಲಿ ಅವರು ಎಷ್ಟು ವರ್ಷ ದುಡಿದಿದ್ದರೆಂದರೆ, ಕೆಟ್ಟುಹೋದ ಮಿಕ್ಸಿಗೂ ನಾಡಿ ಹಿಡಿದು ನೋಡುತ್ತಿದ್ದರು. ಪ್ರಿಂಟರಿನ ಮುಚ್ಚಳ ಎತ್ತಿ, "ಎಷ್ಟು ದಿನದಿಂದ ಹೀಗಿದೆ? ಮುಂಚೆ ಯಾವತ್ತಾದ್ರೂ ಆಗಿತ್ತಾ? ಮನೇಲಿ ಬೇರೆ ಯಾರಿಗಾದ್ರೂ?" ಅಂತ ಕೇಳಿದರು. ಟಿವಿ ಚೆನ್ನಾಗಿದೆ ಅಂದರು ರಾಯರು.

ನರ್ಸಕ್ಕ ಸಿರಿಂಜನ್ನು ನೋಡಿದ್ದೇ ಮುಖ ಕಿವುಚಿದರು. ಇದನ್ನು ರಾಯರ ಕೈಗೆ ಕೊಟ್ಟವರು ಯಾರು, ಸೂಜಿ ಚುಚ್ಚುವುದೇನು ಸೊಪ್ಪು ಹೆಚ್ಚಿದ ಹಾಗೇನು, ಅಂತ ಗದರಿ, ಮೆಜೆಂಟಾ ಅನ್ನುವ ಗುಲಾಬಿಗೆಂಪನ್ನು ತಾವೇ ಎಳೆದುಕೊಂಡರು. ಕಾರ್ಟ್ರಿಜ್ಜನ್ನು ಅಂಗೈಯಲ್ಲಿ ಮಲಗಿಸಿ, ಹತ್ತಿಯಿಂದ ತೂತಿನ ಸುತ್ತ ಒರೆಸಿದರು. ಅಭ್ಯಾಸಬಲ, ಬಾಯಿ ತಾನೇ ಮಾತಾಡಿತು. "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ. ಮೈ ಸಡಿಲ ಬಿಡು. ಆ ಕಡೆ ನೋಡು."

ಕಾರ್ಟ್ರಿಜ್ಜು ಎಲ್ಲಿ ನೋಡಿತೋ ಗೊತ್ತಿಲ್ಲ, ರಾಯರು ಮಾತ್ರ ಆ ಕಡೆ ನೋಡಲಿಲ್ಲ. ಒಂದು ಹನಿಯೂ ಪೋಲಾಗದಿರಲಿ ಅಂತ ತಲೆ ಬಗ್ಗಿಸಿ, ಹಣೆ ಸೂಜಿಗೆ ತಾಗುವಷ್ಟು ಹತ್ತಿರ ತಂದಿದ್ದರು. ನರ್ಸಕ್ಕ ಒತ್ತಿದರು. ಗಾಳಿ ಹೊರಹೋಗುವ ಕಿಂಡಿಗಳಿಗೆಲ್ಲ ರಾಯರೇ ಟೇಪು ಜಡಿದಿದ್ದರಿಂದ ಒಳಗೆ ಜಾಗವಿರಲಿಲ್ಲ. ಒಳಗೆ ಹೋಗಲಾರದ ಇಂಕು ಬಂದ ದಾರಿಯಲ್ಲೇ ಪುಸ್ ಅಂತ ವಾಪಸಾಗಿ ರಾಯರ ಹಣೆಯಿಂದ ನೆತ್ತಿಯವರೆಗೆ ಹಬ್ಬಿತು.

"ಪೇಷಂಟು ಸಹಕರಿಸ್ತಿಲ್ಲ," ಅಂದರು ನರ್ಸಕ್ಕ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಪೈಪ್ ಮಾವ ಚೀಲ ಹೊತ್ತು ಬಂದೇಬಿಟ್ಟರು. ರಾಯರ ಹೆಂಡತಿಗೆ ಸೋದರಮಾವ, ನಿವೃತ್ತ ಪ್ಲಂಬರು. ಜಗತ್ತಿನ ಎಲ್ಲ ತೊಂದರೆಗೂ ಮೂಲ ಒಂದೇ, ಎಲ್ಲೋ ಲೈನು ಕಟ್ಟಿಕೊಂಡಿದೆ ಅನ್ನುವುದು ಅವರ ಸಿದ್ಧಾಂತ. ನೆಗಡಿ, ಟ್ರಾಫಿಕ್ಕು, ಮದುವೆ ಮುಂದೂಡಿಕೆ, ಎಲ್ಲಕ್ಕೂ ಅದೇ. ಕೆಂಪು ಹಣೆಯ ಅಳಿಯನನ್ನು ನೋಡಿ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಇದಕ್ಕಿಂತ ಕೆಟ್ಟದ್ದು ಹಚ್ಚಿಕೊಂಡು ಮೋರಿಯಿಂದ ಎದ್ದವರನ್ನು ನೋಡಿದ್ದರು. ಕಾರ್ಟ್ರಿಜ್ಜನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ಏರ್ ಲಾಕ್ ಅಂತ ತೀರ್ಪು ಕೊಟ್ಟರು. ಚೀಲದಿಂದ ಸೈಕಲ್ ಪಂಪು ಹೊರಬಂತು, ಅದರ ಮೂತಿಗೊಂದು ರಬ್ಬರ್ ವಾಷರು ಬಂತು, ವಾಷರು ನೀಲಿ ತೂತಿನ ಮೇಲೆ ಕೂತಿತು.

ರಾಯರು ನೆಲದ ಮೇಲೆ ಕೂತು, ಕೆಳಗಿನಿಂದ ಹನಿ ಬರುತ್ತದೋ ಅಂತ ನೋಡಿ ಹೇಳಬೇಕು ಅಂತ ಕೆಲಸ ಹಂಚಿಕೆಯಾಯಿತು.

"ಬಂತಾ?" ಅಂದರು ಮಾವ, ಒಂದು ಸಲ ಒತ್ತಿ.

"ಇಲ್ಲ."

"ಈಗ?"

"ಇಲ್ಲ ಮಾವ."

ಮಾವ ಪಂಪಿನ ಮೇಲೆ ಮೈಯ ಭಾರವೆಲ್ಲ ಹಾಕಿದರು. "ಈಗ?"

ರಾಯರು "ಬಂ" ಅನ್ನುವಷ್ಟರಲ್ಲಿ ಬಂದುಬಿಟ್ಟಿತು. ಇಷ್ಟು ಹೊತ್ತು ಮುಷ್ಕರ ಹೂಡಿದ್ದ ನೀಲಿಯೆಲ್ಲ ಒಂದೇ ಸಲ ಕೆಲಸಕ್ಕೆ ಹಾಜರಾಯಿತು. ಕೆನ್ನೆ, ತುಟಿ, ಗದ್ದ ಎಲ್ಲ ಮುಳುಗಿ, ಬಾಯಿ ತೆರೆದಿದ್ದುದರಿಂದ ನಾಲಿಗೆಗೂ ಒಂದಿಷ್ಟು ಪಾಲು ಸಿಕ್ಕಿತು.

ಹೆಂಡತಿ ಓಡಿ ಬಂದು ಮೊದಲು ಗಂಡನ ಕನ್ನಡಕ ಕಳಚಿದರು. ದಪ್ಪ ಚೌಕಟ್ಟಿನ ಅಗಲ ಕನ್ನಡಕ, ಎರಡೂ ದಾಳಿಯನ್ನು ತಾನೇ ಎದುರಿಸಿ ಕಣ್ಣು ಉಳಿಸಿತ್ತು. ಅದರ ಹಿಂದಿದ್ದ ಜಾಗ ಮಾತ್ರ ಕಿವಿಯಿಂದ ಕಿವಿಗೆ ಬೆಳ್ಳಗೆ ಉಳಿದಿತ್ತು. ಮುಖಕ್ಕೆ ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಪಾತ್ರೆ ತಿಕ್ಕುವ ನಾರು ಕೂಡ ತಂದರು. ಮುಖ ನುಣ್ಣಗಾಯಿತೇ ಹೊರತು ಬಣ್ಣ ಬಿಡಲಿಲ್ಲ. ಇಂಕಿನ ಬಾಟಲಿಯ ಮೇಲೆ, ಬಿಸಿಲಿಗೂ ನೀರಿಗೂ ಮಾಸದು ಅಂತ ಬರೆದಿತ್ತು. ಅಂಗಡಿಯವನು ಹೇಳಿದ ಮಾತು ಜೀವನದಲ್ಲಿ ಮೊದಲ ಸಲ ನಿಜವಾಗಿತ್ತು.

"ಮುಖ ಹೋದ್ರೆ ಹೋಗ್ಲಿ," ಅಂದರು ರಾಯರು, ನೀಲಿ ನಾಲಿಗೆಯಲ್ಲಿ. "ಫೋಟೋ ಬರ್ಬೇಕು."

ಆ ದೃಢ ನಿರ್ಧಾರಕ್ಕೆ ಎಲ್ಲರ ಮನಸ್ಸೂ ಕರಗಿತು. ಪೈಪ್ ಮಾವ ಉಗುರುಬೆಚ್ಚಗಿನ ನೀರು ಹಾಯಿಸಿ ಮೂರೂ ಕೋಣೆ ತೊಳೆದರು. ನರ್ಸಕ್ಕ ಒಂದೊಂದು ತೂತಿಗೂ ಬೇರೆ ಬೇರೆ ಹಲ್ಲುಕಡ್ಡಿ ಇಳಿಸಿ, ತಳದ ಸ್ಪಂಜಿನಲ್ಲಿ ಉಳಿದಿದ್ದ ಅಸಲಿ ಬಣ್ಣ ಯಾವುದೆಂದು ನೋಡಿದರು. ರಾಯರು ಕೆಂಪಿನ ಮನೆಗೆ ನೀಲಿಯನ್ನೂ ನೀಲಿಯ ಮನೆಗೆ ಕೆಂಪನ್ನೂ ಒಕ್ಕಲಿಟ್ಟಿದ್ದು ಆಗ ಬಯಲಾಯಿತು. ಹಳೇ ಪ್ರಿಂಟರಿನಲ್ಲಿ ಹಾಗೇ ಇತ್ತು ಅಂತ ರಾಯರು ಗೊಣಗಿದರು. ಮಾವನ ಕಣ್ಣು ಟೇಪಿನ ಮೇಲೆ ಬಿತ್ತು.

"ಇದನ್ನ ಯಾರು ಅಂಟಿಸಿದ್ದು? ಗಾಳಿ ಆಡೋ ದಾರೀನೇ ಮುಚ್ಚಿದ್ರೆ ಇಂಕು ಹೇಗಪ್ಪ ಇಳಿಯತ್ತೆ? ನಿನ್ನ ಮೂಗು ಹಿಡಿದು ಬಾಯಿಗೆ ನೀರು ಹೊಯ್ತೀನಿ, ಕುಡೀತೀಯಾ?"

ಈಗಾಗಲೇ ಬೇಕಾದಷ್ಟು ಕುಡಿದಿದ್ದ ರಾಯರು ಟೇಪು ಕೀಳತೊಡಗಿದರು.

ಟೇಪು ಹೋಯಿತು, ಬಣ್ಣಗಳು ತಂತಮ್ಮ ಮನೆ ಸೇರಿದವು, ಪರೀಕ್ಷೆಯ ಗೆರೆಗಳು ಹೊಸ ಬಾಚಣಿಗೆಯಂತೆ ಪೂರ್ತಿಯಾಗಿ ಬಂದವು. ಎಲ್ಲರೂ ಉಸಿರು ಬಿಗಿಹಿಡಿದು ಸುತ್ತ ನಿಂತರು. ಫೋಟೋ ಬಂತು, ಬಂದದ್ದೇ ಮಂಜು ಕವಿದ ಕನ್ನಡಿಯಂತೆ ಹನಿ ಹನಿಯಾಗಿ ಜಾರತೊಡಗಿತು. ನರ್ಸಕ್ಕ ಜ್ವರ ಅಂದರು, ಮಾವ ಲೀಕು ಅಂದರು. ಹೆಂಡತಿ ಮಾತ್ರ ಕೈ ಒರೆಸಿಕೊಳ್ಳುತ್ತ ಬಂದು, ಕಾಗದವನ್ನು ಬೆರಳಿನಿಂದ ಸವರಿ, "ಹೊಳೆಯೋ ಕಡೆ ಕೆಳಗಿದೆ," ಅಂದರು. ಕೊನೆಯ ಹಾಳೆಯನ್ನು ಮಗುಚಿ ಇಟ್ಟರು.

ಅದೆಂಥ ಫೋಟೋ. ಚರ್ಮ ಚರ್ಮದ ಬಣ್ಣದಲ್ಲಿತ್ತು, ತುಟಿ ತುಟಿಯ ಬಣ್ಣದಲ್ಲಿತ್ತು, ಬೋಳು ನೆತ್ತಿಯ ಮೇಲೆ ಕಿಟಕಿಯ ಬೆಳಕು ಕೂಡ ಇತ್ತು. ನರ್ಸಕ್ಕ ಡಿಸ್ಚಾರ್ಜ್ ಮಾಡಬಹುದು ಅಂದರು. ರಾಯರು ಫೋಟೋವನ್ನು ಎದೆಗೊತ್ತಿಕೊಂಡು, ಹೆಲ್ಮೆಟ್ಟು ಏರಿಸಿ, ಸ್ಕೂಟರು ಒದ್ದರು. ಹೆಲ್ಮೆಟ್ಟಿನ ಗಾಜು ಇಳಿಸಿದ್ದರಿಂದ ದಾರಿಯಲ್ಲಿ ಯಾರೂ ಹೆದರಲಿಲ್ಲ.

ಮೀಸೆ ಕೌಂಟರು ಮುಚ್ಚುವ ತಯಾರಿಯಲ್ಲಿದ್ದರು. ರಾಯರು ಫೋಟೋ ಮುಂದಿಟ್ಟು ಹೆಲ್ಮೆಟ್ಟು ತೆಗೆದರು. ಮೀಸೆ ಫೋಟೋ ನೋಡಿದರು. ಮುಖ ನೋಡಿದರು. ಮತ್ತೆ ಫೋಟೋ, ಮತ್ತೆ ಮುಖ.

"ಚೆನ್ನಾಗಿದೆ," ಅಂದರು ಕೊನೆಗೆ. "ಯಾರದು?"

ರಾಯರು ನಡೆದದ್ದೆಲ್ಲ ಹೇಳಿದರು. ಮೂರು ತೂತು, ಟೇಪು, ನರ್ಸಕ್ಕ, ಪಂಪು. ಮೀಸೆ ತಾಳ್ಮೆಯಿಂದ ಕೇಳಿಸಿಕೊಂಡು, ರೂಲ್ಸು ತಾವು ಮಾಡಿದ್ದಲ್ಲ ಅಂದರು. ಈ ಫೋಟೋದಲ್ಲಿರುವ ಬೆಳ್ಳಗಿನ ಮನುಷ್ಯ ಯಾರೋ ತಮಗೆ ತಿಳಿಯದು. ಎದುರು ನಿಂತಿರುವವರು ಕೆಂಪು, ಬಿಳಿ, ನೀಲಿ. ಕೆಂಪು ಶಾಯಿಯ ಠಸ್ಸೆ ಎತ್ತಿ, ಆ ದಿವ್ಯ ಫೋಟೋದ ಎದೆಯ ಮೇಲೆ "ತಿರಸ್ಕೃತ" ಅಂತ ಹೊಡೆದರು. ರಾಯರ ಎದೆಯ ಮೇಲೇ ಬಿದ್ದ ಹಾಗಾಯಿತು. ಆ ಏಟಿಗೆ ಎದೆ ಮುಟ್ಟಿಕೊಂಡರು. ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು.

ಬೆಳಗಿನ ಫೋಟೋ. ಬೀಟ್‌ರೂಟ್ ಹಣೆ, ಬಿಳಿ ಪಟ್ಟಿ, ಬೂಸ್ಟು ಹಿಡಿದ ಗದ್ದ.

ಅದನ್ನು ಕೌಂಟರಿನ ಮೇಲಿಟ್ಟು, ಕನ್ನಡಕ ತೆಗೆದು, ರಾಯರು ನೆಟ್ಟಗೆ ನಿಂತರು. ಮೀಸೆ ಬಗ್ಗಿ ನೋಡಿದರು, ಎದ್ದು ನೋಡಿದರು, ಪಕ್ಕದಿಂದ ನೋಡಿದರು. ಮೀಸೆಯ ಎರಡೂ ತುದಿ ಮೆಲ್ಲಗೆ ಮೇಲಕ್ಕೆದ್ದವು.

"ಹಾಂ. ಇದು ನೀವು. ಇದನ್ನ ಮೊದಲೇ ಕೊಡೋದಲ್ವಾ ರಾಯರೇ, ಯಾವನದೋ ಫೋಟೋ ಯಾಕೆ ಕೊಟ್ರಿ?"

ಫೋಟೋ ಕಾರ್ಡಿಗೆ ಅಂಟಿತು, ಪ್ಲಾಸ್ಟಿಕ್ಕಿನ ಹೊದಿಕೆ ಬಿತ್ತು, ಸೀಲು ಬಿತ್ತು. ಇನ್ನು ಐದು ವರ್ಷ ಇದನ್ನು ಯಾರೂ ಅಲ್ಲಾಡಿಸಲಾರರು, ಒಬ್ಬರಿಗೆ ಒಂದೇ ಕಾರ್ಡು, ಅಂತ ಮೀಸೆ ಹೆಮ್ಮೆಯಿಂದ ಹೇಳಿದರು. ರಾಯರಿಗೆ ಆ ಕ್ಷಣ ಐದು ವರ್ಷ ಅಂದರೆ ಆಶೀರ್ವಾದದ ಹಾಗೆ ಕೇಳಿಸಿತು.

ಮನೆಗೆ ಬಂದವರೇ ಗೆದ್ದೆ ಅಂತ ಒಂದು ಮಾತು ಹೇಳಿ, ಕಾರ್ಡನ್ನು ಚೀಲದಲ್ಲಿ ಭದ್ರಪಡಿಸಿ, ಆರಾಮಕುರ್ಚಿಯಲ್ಲಿ ಒರಗಿದರು. ಒರಗಿದ್ದಷ್ಟೇ ಗೊತ್ತು. ಗೊರಕೆ ಪ್ರಿಂಟರಿಗಿಂತ ಚೆನ್ನಾಗಿ ಸಾಗಿತು.

ಹೆಂಡತಿ ಗಂಡನ ಮುಖವನ್ನೇ ನೋಡುತ್ತ ಕೂತರು. ನಾಳೆ ಸಂದರ್ಶನ. ಈ ಅವತಾರದಲ್ಲಿ ಧಣಿಗಳ ಎದುರು ಹೇಗೆ ಕೂತಾರು? ಬಾಯಲ್ಲಿ ಎಷ್ಟೇ ಗುಜರಿ ಅಂದರೂ ಕರುಳು ಕೇಳಬೇಕಲ್ಲ. ಮೆಲ್ಲಗೆ ಮೆಟ್ಟಿಲು ಹತ್ತಿ ನರ್ಸಕ್ಕನನ್ನು ಕರೆತಂದರು. ಬೆಳಗಿನ ಪಾಪಕ್ಕೆ ಪ್ರಾಯಶ್ಚಿತ್ತ ಹುಡುಕುತ್ತಿದ್ದ ನರ್ಸಕ್ಕ, ಆಪರೇಷನ್ನಿಗೆ ಮುಂಚೆ ಮೈಮೇಲೆ ಹಾಕಿದ ಗುರುತುಗಳನ್ನು ಅಳಿಸುವ ದ್ರವ ತಂದಿದ್ದರು. ಇಬ್ಬರೂ ಸೇರಿ, ಮಲಗಿದ ಮಗುವಿನ ಕೆನ್ನೆ ಒರೆಸುವ ಹಾಗೆ, ಹತ್ತಿಯಲ್ಲಿ ಅದ್ದಿ ಅದ್ದಿ ಒರೆಸಿದರು. ಕೆಂಪು ಬಿಟ್ಟಿತು, ನೀಲಿ ಬಿಟ್ಟಿತು. ರಾಯರು ಎದ್ದಾಗ ಕನ್ನಡಿಯಲ್ಲಿ ಹೊಸ ಮದುಮಗ ನಿಂತಿದ್ದ. ರಾಯರು ಹೆಂಡತಿಯ ಕೈ ಹಿಡಿದುಕೊಂಡರು, ಕಣ್ಣಂಚು ಒದ್ದೆಯಾಯಿತು. ಪ್ರಿಂಟರಿಗೂ ಗುಜರಿಯಿಂದ ಮಾಫಿ ಸಿಕ್ಕಿತು.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಫಳಫಳ ಹೊಳೆಯುವ ಮುಖ ಹೊತ್ತು ರಾಯರು ಗೇಟಿಗೆ ಬಂದರು. ಸ್ಟೋರಿನ ಇನ್ನೊಬ್ಬ ಗುಮಾಸ್ತ ಅವರ ಮುಂದೆಯೇ ಕಾರ್ಡು ತೋರಿಸಿ ಒಳಗೆ ಹೋದ. ರಾಯರೂ ಠೀವಿಯಿಂದ ತಮ್ಮ ಕಾರ್ಡು ಚಾಚಿದರು.

ಮೀಸೆ ಕಾರ್ಡು ನೋಡಿದರು. ಮುಖ ನೋಡಿದರು. ಮೀಸೆಯ ಎರಡೂ ತುದಿ ಮೆಲ್ಲಗೆ ಕೆಳಗಿಳಿದವು.

"ಇದು ರಾಯರ ಕಾರ್ಡು. ನಿಮಗೆ ಎಲ್ಲಿ ಸಿಕ್ತು?"

 ರಾಯರು ಬೇಡಿದರು, ವಾದಿಸಿದರು, ನಿನ್ನೆಯ ಚೆಂದದ ಫೋಟೋ ತೆಗೆದು ಮುಖದ ಪಕ್ಕ ಹಿಡಿದರು. ಮೀಸೆ ಅದರ ಮೇಲಿನ ಠಸ್ಸೆಗೆ ಬೆರಳು ತೋರಿಸಿ, ಇವರು ರಾಯರಲ್ಲ ಅಂತ ನಿನ್ನೆಯೇ ತೀರ್ಮಾನವಾಗಿದೆ ಅಂದರು. ಹೊಸ ಕಾರ್ಡು? ಐದು ವರ್ಷವಾಗಲಿ, ನೋಡೋಣ. ಒಳಗೆ ಸಂದರ್ಶನಕ್ಕೆ ಹೆಸರು ಕರೆಯುವ ಸದ್ದು ಮೈಕಿನಲ್ಲಿ ಕೇಳಿಸತೊಡಗಿತು.

ರಾಯರು ಫೋನು ತೆಗೆದರು. ಸ್ವಲ್ಪ ಹೊತ್ತಿಗೆ ಆಟೋ ಒಂದು ಬಂದು ನಿಂತು, ಅದರಿಂದ ರಾಯರ ಹೆಂಡತಿ ಇಳಿದರು. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಎರಡು ಬಾಟಲಿ.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ, ಇಷ್ಟು ಕಾಲ ಊರಿನ ಖಾಲಿ ವಸ್ತುಗಳನ್ನೆಲ್ಲ ತುಂಬಿಸಿದ ರಾಯರು ಕನ್ನಡಕ ಏರಿಸಿಕೊಂಡು, ಕಣ್ಣು ಮುಚ್ಚಿ, ತಮ್ಮ ಮುಖವನ್ನೇ ರೀಫಿಲ್ಲಿಗೆ ಒಡ್ಡಿದರು. ಮೀಸೆ ಒಳ್ಳೆಯ ಮನುಷ್ಯರು; ಕೆಲಸ ಬಿಟ್ಟು ಬಂದು, ನೋಡಿಕೊಂಡು ಹಚ್ಚಲಿ ಅಂತ ಕಾರ್ಡನ್ನು ಎತ್ತಿ ಹಿಡಿದು ನಿಂತರು. ಹಣೆಗೆ ಇನ್ನೂ ಸ್ವಲ್ಪ ಗಾಢ ಬೇಕು ಅಂದರು. ಹಣೆ ಗಾಢವಾಯಿತು. ಗದ್ದ ಒಪ್ಪಿಗೆಯಾಯಿತು. ಒಳಗಿನ ಮೈಕು ರಾಯರ ಅಸಲಿ ಹೆಸರನ್ನು ಎರಡನೆಯ ಸಲ ಕೂಗಿತು.

ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು, ಕಾರ್ಡನ್ನೂ ಗಂಡನನ್ನೂ ಕಣ್ಣು ಕಿರಿದು ಮಾಡಿ ನೋಡಿದರು.

"ರೀ, ಎಡಗೆನ್ನೇಲಿ ಒಂದು ಗೆರೆ ಬಿಟ್ಟೋಗಿದೆ," ಅಂದರು. "ಹೆಡ್ ಕ್ಲೀನಿಂಗ್ ಮಾಡಿ ಮೊದಲಿಂದ ಶುರು ಮಾಡೋಣ್ವಾ?"